ಬೆಳ್ಳಿ ಆರಿಸಿದ ಮೊಲ

ಚಂಪಕಾ,

ಪರೀಕ್ಷೆಯಲ್ಲಿ ನೀನು ಅನುತ್ತೀರ್ಣಳಾದಾಗ ಗೆಳತಿಯಾದ ನಾನೂ ನಿನ್ನನ್ನು ಅಂಕದಿಂದಲೇ ಅಳೆದೆ; ಆ ವರ್ಷದಿಂದ ನಾವು ಮಾತನಾಡಿಲ್ಲ. ಇದನ್ನೂ ನಾನು ಕಳಿಸುವುದಿಲ್ಲ.

ಜೊತೆಯ ಮೊಲ ಸತ್ತ ಮೇಲೆ ನನ್ನ ಮೊಲ ಬೆಳ್ಳಿ ಮೇವು ಬಿಟ್ಟಳು. ಹೀಗೇ ಒಂಟಿಯಾಗಿ ಬಿಟ್ಟರೆ ಉಳಿಯುವುದಿಲ್ಲ, ಇನ್ನೊಂದು ಜೊತೆ ಹುಡುಕಿ ಎಂದರು ವೈದ್ಯರು. ಇಂದು ಅವಳನ್ನು ಬುಟ್ಟಿಯಲ್ಲಿಟ್ಟುಕೊಂಡು, ಜನ ಬಿಟ್ಟುಹೋದ ಮೊಲಗಳನ್ನು ಸಾಕುವ ನಂಜನಗೂಡಿನ ಮರಿತಾಯಮ್ಮನವರ ಮನೆಗೆ ಹೋದೆ. ಅಲ್ಲಿದ್ದ ಐದು ಮೊಲಗಳಿಗೂ ವಯಸ್ಸು, ಆರೋಗ್ಯ, ಸ್ವಭಾವ ನೋಡಿ ಅಂಕ ಕೊಟ್ಟೆ. ಮೊದಲ ಸ್ಥಾನದ ಬಿಳಿ ಮೊಲವನ್ನು ಕಂಡು ಬೆಳ್ಳಿ ಕಾಲು ಬಡಿದು ತಿರುಗಿ ಕುಳಿತಳು. ಕೊನೆಯ ಸ್ಥಾನದ ಕುಂಟು ಮೊಲದೆದುರು ತಾನಾಗಿಯೇ ತಲೆ ಬಾಗಿಸಿದಳು. ಅದು ಅವಳ ಹಣೆ ನೆಕ್ಕಿತು.

“ನಿನ್ ಮಾರ್ಕ್ಸ್ ಕಟ್ಕಂಡು ಅದ್ಕೇನಾಗ್ಬೇಕವ್ವಾ?” ಎಂದು ಮರಿತಾಯಮ್ಮ ನಕ್ಕರು.

ಕುಂಟು ಮೊಲವನ್ನೂ ಕರೆದುಕೊಂಡು ಸೋಸಲೆಯ ನನ್ನ ಮನೆಗೆ ಬಂದ ಮೇಲೆ ಎರಡೂ ಒಂದೇ ಕೊತ್ತಂಬರಿ ಕಟ್ಟನ್ನು ತಿಂದವು. ನನಗಾದದ್ದು ಸಂತೋಷವೋ ಅವಮಾನವೋ ತಿಳಿಯುತ್ತಿಲ್ಲ. ಹೊಸದಕ್ಕೆ ಹೆಸರಿಡಬೇಕು. ನಾವಿಬ್ಬರೂ ಸೇರಿ ಮೊಲ ಸಾಕುತ್ತಿದ್ದಾಗ ಹೆಸರಿಡುವುದು ಯಾವಾಗಲೂ ನಿನ್ನ ಪಾಲಿನ ಕೆಲಸವಾಗಿತ್ತು.