ಗಾದಿಗನೂರಿನ ಹೊಲಕ್ಕೆ ಬಿದ್ದ ಕಬ್ಬಿಣ

೧೨ ಜನವರಿ ೧೯೩೭, ಹೊಸಪೇಟೆ

ಬೆಳಗ್ಗೆ ಸಂಡೂರಿನ ಅದಿರು, ಒಂಬತ್ತು ಸ್ಯಾಂಪಲ್ ಪರೀಕ್ಷಿಸಿದೆ. ನಡುವೆ ಗಾದಿಗನೂರಿನ ಸುಂಕಮ್ಮ ಲ್ಯಾಬಿಗೆ ಬಂದಳು. ಚೀಲದಲ್ಲಿ ತೆಂಗಿನಕಾಯಿ ಗಾತ್ರದ ಕರಿ ಕಲ್ಲು. ಹಿಂದೆ ಅವರೂರ ಗೌಡ ಎರ್ರಿಯಪ್ಪ, ಇನ್ನೂ ನಾಲ್ಕು ಜನ.

"ಆಕಾಶದಿಂದ ನಮ್ಮ ಜ್ವಾಳದ ಹೊಲಕ್ಕ ಬಿತ್ರಿ, ರಾಯರ. ಇವರು ಸುಳ್ಳು ಅಂತಾರ. ನೀವು ನೋಡಿ ಹೇಳ್ರಿ."

ಒಂದು ಚೂರು ಕೊಯ್ದುಕೊಂಡೆ. ಪರೀಕ್ಷಿಸಲಿಲ್ಲ. ಎರ್ರಿಯಪ್ಪ ನಗುತ್ತಿದ್ದ, ನಾನೂ ನಕ್ಕೆ. "ಹಳೇ ಕುಲುಮಿ ಕಿಟ್ಟ ಇದು, ಕಬ್ಬಿಣ ಕಾಸಿ ಉಳದ ಕಸ. ಸುಮ್ನ ಹೇಳ್ಕೊಂತ ತಿರಗಬ್ಯಾಡ" ಅಂದೆ. ಆಕೆ ಕಲ್ಲನ್ನು ಚೀಲಕ್ಕೆ ಹಾಕಿಕೊಂಡು ಹೋದಳು.

೨೪ ಜನವರಿ, ಭಾನುವಾರ

ಕೆಲಸವಿರಲಿಲ್ಲ. ಸುಂಕಮ್ಮನ ಕಲ್ಲಿನ ಚೂರಿನಲ್ಲಿ ಅರ್ಧವನ್ನು ಆಮ್ಲದಲ್ಲಿ ಕರಗಿಸಿದೆ. ನಿಕ್ಕಲ್ ಲೋಹದ ಪರೀಕ್ಷೆ — ಕುಂಕುಮದಂಥ ಕೆಂಪು ಬಂತು, ಅಂದರೆ ನಿಕ್ಕಲ್ ಇದೆ. ಮತ್ತೆ ಮಾಡಿದೆ. ನೂರಕ್ಕೆ ಎಂಟು ಪಾಲು ನಿಕ್ಕಲ್. ಇಷ್ಟು ನಿಕ್ಕಲ್ ಸಂಡೂರಿನ ಅದಿರಿನಲ್ಲಿಲ್ಲ, ಕಿಟ್ಟದಲ್ಲಿಲ್ಲ. ಇದು ಉಲ್ಕೆ.

ಯಾವುದೋ ಗ್ರಹ ಕರಗಿದ್ದಾಗ ಕಬ್ಬಿಣ ನಿಕ್ಕಲ್ಲನ್ನೂ ಎಳೆದುಕೊಂಡು ಒಳಕ್ಕಿಳಿದು ಗಟ್ಟಿಯಾಗಿದೆ. ಗ್ರಹ ಒಡೆದಾಗ ಆ ತಿರುಳು ಹೊರಗೆ ಬಿದ್ದಿದೆ. ನಮ್ಮ ಭೂಮಿಯ ನಡುವೆಯೂ ಇಂಥದೇ ಇರಬೇಕು. ಅಲ್ಲಿಗೆ ಯಾರೂ ಇಳಿಯಲಾರರು... ಸುಂಕಮ್ಮ ಅಂಥ ತಿರುಳನ್ನೇ ಚೀಲದಲ್ಲಿ ಹೊತ್ತು ತಂದಿದ್ದಳು.

ನಾಳೆಯೇ ಗಾದಿಗನೂರಿಗೆ ಹೋಗಿ ಹೇಳಬೇಕು.

೧೪ ಫೆಬ್ರವರಿ

ಮೂರು ವಾರ ಹೋಗಲಿಲ್ಲ. ಎರ್ರಿಯಪ್ಪನ ಮುಂದೆ ತಪ್ಪಾಯಿತು ಎನ್ನಲು ನಾಲಿಗೆ ಏಳಲಿಲ್ಲ. ಕೆಲಸದ ನೆಪ ಹೇಳಿಕೊಂಡೆ.

ಇವತ್ತು ಹೋದೆ. ಕಲ್ಲಿಲ್ಲ. ಊರವರು ಸುಂಕಮ್ಮನನ್ನು 'ಆಕಾಶದ ಸುಂಕಿ' ಎಂದು ಹಂಗಿಸುತ್ತಿದ್ದರಂತೆ. ತಾಳಲಾರದೆ ಹೋದ ವಾರ ಕಮ್ಮಾರನಿಗೆ ಕೊಟ್ಟುಬಿಟ್ಟಳು. ಕಾಸಿ ಬಡಿದು ಎರಡು ಗುದ್ದಲಿ ಮಾಡಿದ್ದಾನೆ. ಲಕ್ಷಾಂತರ ವರ್ಷ ನಿಧಾನವಾಗಿ ತಣಿದು ಒಳಗೆ ಮೂಡಿದ್ದ ಹರಳಿನ ಗೆರೆಗಳು ಒಂದು ಬೆಂಕಿಗೆ ಹೋದವು.

ಸುಂಕಮ್ಮನಿಗೆ ಎಲ್ಲ ಹೇಳಿದೆ. ಆಕೆ ಅಳಲಿಲ್ಲ. "ನನಗ್ಯಾಕ ಹೇಳ್ತೀರಿ? ನಾ ಕಣ್ಣಾರೆ ನೋಡೀನಿ. ಕಟ್ಟಿ ಮ್ಯಾಲ ಕುಂತಾರಲ್ಲ, ಅವರಿಗೆ ಹೇಳ್ರಿ."

ಕಟ್ಟೆಗೆ ಹೋದೆ. "ಸುಂಕಮ್ಮ ಹೇಳಿದ್ದು ಖರೆ. ನಾ ಪರೀಕ್ಷಾ ಮಾಡದನ ಕಿಟ್ಟ ಅಂದಿದ್ದೆ." ಯಾರೂ ನಗಲಿಲ್ಲ. ಎರ್ರಿಯಪ್ಪ ಮೆಲ್ಲಗೆ ಕೇಳಿದ: "ನಿಮಗ ಯಾವಾಗ ಗೊತ್ತಾತ್ರಿ?"

"ಮೂರು ವಾರ ಆತು."

ಅವನೂ ತಲೆ ತಗ್ಗಿಸಿದ. ಸುಂಕಮ್ಮ ನನ್ನ ಹಿಂದೆಯೇ ನಿಂತಿದ್ದಳು. ಮನೆ ಕಡೆ ನಡೆದಳು.

೧೫ ಫೆಬ್ರವರಿ

ಕಲ್ಕತ್ತೆಯ ಭೂಗರ್ಭ ಇಲಾಖೆಗೆ ವರದಿ. ಉಳಿದ ಚೂರು ಉಗುರಿನಷ್ಟು. ಬೀಳುವುದನ್ನು ಕಂಡವರು: ಸುಂಕಮ್ಮ, ಗಾದಿಗನೂರು.

ಮಿಕ್ಕ ಕಬ್ಬಿಣ ಹಾಳಾಗಲು ಕಾರಣ: ಕಮ್ಮಾರ ಎಂದು ಬರೆದೆ. ಹೊಡೆದುಹಾಕಿದೆ. ಸುಂಕಮ್ಮ ಎಂದು ಬರೆಯಲು ಹೋಗಿ — ಛೇ. ಹೊಸ ಹಾಳೆ ತೆಗೆದುಕೊಂಡೆ. ಕಾರಣ: ನಾನು, ಗೊತ್ತಿದ್ದೂ ಹೇಳಲಿಲ್ಲ.