ಅವ್ವನಿಗೆ ಮುಂದಿನ ಸೀಟು

ಡಿಸೆಂಬರ್ 14, ಭಾನುವಾರ. ರಾಯಚೂರು.

ಶ್ರೀಲಂಕಾ ಪ್ರವಾಸದಲ್ಲಿ ನಮ್ಮ ಮನೆಯ ಎಂಟು ಮಂದಿ ಯಾವ ಗಾಡಿಯಲ್ಲಿ ಸುತ್ತಬೇಕೆಂಬ ಜಗಳ ವಾರದಿಂದ ಮುಗಿದಿರಲಿಲ್ಲ. ಎರಡು ಕಾರು ಬಾಡಿಗೆಗೆ ಹಿಡಿಯೋಣವೆಂದು ತಮ್ಮ ಹುಲಿಗೇಶ, ಎಲ್ಲರೂ ಒಂದೇ ವ್ಯಾನಿನಲ್ಲಿ ಹೋಗೋಣವೆಂದು ನಾನು. ಮಧ್ಯಾಹ್ನ ದೇವದುರ್ಗದಿಂದ ಅವ್ವ ಬಂದಳು. ಅವಳಿಗೆ ಮೊಬೈಲಿನಲ್ಲಿ ಗಾಡಿಗಳ ಫೋಟೊ ತೋರಿಸಿದೆ.

ಬಹಳ ಹೊತ್ತು ನೋಡಿ, ವ್ಯಾನಿನ ಮುಂದಿನ ದೊಡ್ಡ ಗಾಜಿನ ಮೇಲೆ ಬೆರಳಿಟ್ಟಳು.

"ಡ್ರೈವರ್ ಬಾಜೂಕ ನಾ ಕುಂದರ್ಲೇನ ಮಗಳ?"

"ಅಲ್ಲೇ ಯಾಕ ಬೇ?"

"ಇಪ್ಪತ್ತು ವರ್ಷ ಹತ್ತಿ ಬಿಡಸಾಕ ಹೋಗುವಾಗ ಟಂಟಂ ಆಟೋದ ಹಿಂದ ಕಾಲು ಇಳಿಬಿಟ್ಟು ಕುಂತೀನಿ. ಬಿಟ್ಟು ಬಂದ ದಾರಿನೇ ನೋಡೀನಿ. ಮುಂದ ಬರೋ ದಾರಿ ಹೆಂಗಿರತದ, ಒಮ್ಮಿ ನೋಡಬೇಕು."

ಹುಲಿಗೇಶ ನನ್ನ ಕೈಯಿಂದ ಫೋನು ತೆಗೆದುಕೊಂಡು ತಾನೇ ವ್ಯಾನು ಬುಕ್ ಮಾಡಿದ.

ಈಗ ಅವ್ವ ಪಕ್ಕದಲ್ಲಿ ಮಲಗಿದ್ದಾಳೆ. ಕಣ್ಣು ಮುಚ್ಚಿದರೆ ನನಗೆ ಚಹಾ ತೋಟಗಳ ನಡುವಿನ ತಿರುವುಗಳು ಕಾಣುತ್ತವೆ. ಮಂಜಿನೊಳಗಿಂದ ಒಂದೊಂದೇ ಊರು ತೇಲಿ ಬಂದು, ಮೊದಲು ಅವ್ವನ ಮಡಿಲಿಗೇ ಇಳಿಯುತ್ತದೆ. ಹಿಂದೆ ಕುಳಿತ ನನಗೆ ಅವಳ ಮುಖ ಕಾಣುವುದಿಲ್ಲ, ಬರೀ ತುರುಬು. ಅದು ಆ ಕಡೆ, ಈ ಕಡೆ ತಿರುಗುತ್ತಲೇ ಇದೆ, ಒಂದನ್ನೂ ಬಿಡದ ಹಾಗೆ…