ಬತ್ತೆ ಅಂದರೆ

ನಾವುಂದ
9 ಫೆಬ್ರವರಿ 2025

ಹ್ವಾಯ್,

ಗಂಡನಿಗೆ ಬರೆಯಲು ಇದಕ್ಕಿಂತ ಒಳ್ಳೆಯ ಸಂಬೋಧನೆ ಹೊಳೆಯಲಿಲ್ಲ, ನಗಬೇಡಿ. ಉತ್ತರ ತಡವಾದದ್ದಕ್ಕೆ ಬೈಯಲೂಬೇಡಿ. ಫೋನಿನಲ್ಲಿ ಹೇಳೋಣವೆಂದರೆ ಅರ್ಧ ಮಾತನ್ನು ನಿಮ್ಮ ಹಡಗಿನ ನೆಟ್‌ವರ್ಕ್ ನುಂಗುತ್ತದೆ, ಉಳಿದರ್ಧ ಅತ್ತೆಯ ಕಿವಿಗೆ ಬೀಳುತ್ತದೆ. ಬೈಂದೂರಿನ ದೇವು ಕೊಚ್ಚಿಯಲ್ಲಿ ನಿಮ್ಮ ಹಡಗನ್ನೇ ಹತ್ತುತ್ತಾನಂತೆ. ಅವನ ಕೈಯಲ್ಲಿ ಈ ಕಾಗದ, ಜೊತೆಗೆ ಸಿಗಡಿ ಚಟ್ನಿ. ಚಟ್ನಿಯನ್ನು ಕ್ಯಾಪ್ಟನ್‌ಗೆ ಕೊಟ್ಟು ದೊಡ್ಡಸ್ತಿಕೆ ತೋರಿಸಬೇಡಿ.

ಇಲ್ಲಿ ಎಲ್ಲರೂ ಕ್ಷೇಮ. ಬಾವಿಯ ಪಂಪು ಕೆಟ್ಟಿತ್ತು. ನಾನೇ ಬಸ್ಸಿನಲ್ಲಿ ಕುಂದಾಪುರಕ್ಕೆ ಹೊತ್ತುಕೊಂಡು ಹೋದೆ. ಕಂಡಕ್ಟರ್ "ಅಕ್ಕ, ಇದ್ಕೂ ಟಿಕೆಟ್ ಮಾಡ್ಕ್" ಎಂದ. "ಹಂಗಾರೆ ಇದ್ಕೊಂದ್ ಸೀಟ್ ಕೊಡಿ" ಎಂದೆ. ಬಸ್ಸೆಲ್ಲ ನಕ್ಕಿತು. ನಿಮಗೆ ಹೇಳೋಣವೆಂದು ಫೋನ್ ಮಾಡಿದರೆ ಸಿಗಲಿಲ್ಲ. ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು.

ಇನ್ನು ನಿಮ್ಮ ಪ್ರಶ್ನೆ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ನೀವು "ಮುಂದಿನ ತಿಂಗ್ಳ್ ಬತ್ತೆ ಮಗಾ" ಎಂದದ್ದೇ ತಡ, ಅನ್ವಿತಾ ಫೋನ್ ಎಸೆದು ಒಳಗೆ ಓಡಿದಳು. ನಿಮ್ಮ ಮುಖ ಸಣ್ಣದಾಯಿತು. "ಅವ್ಳಿಗೆ ನಾ ಬಪ್ದ್ ಬ್ಯಾಡ ಅಂದ್ರೆ ಇನ್ನ್ ಮೂರ್ ತಿಂಗ್ಳ್ ಇಲ್ಲೇ ಇರ್ತೆ. ಕಂಪ್ನಿಯವ್ರೂ ಕೇಂಡಿದ್ರ್. ನೀ ಎಂತ ಅಂತೆ?" ಎಂದಿರಿ. ನೀವು ಬರುವುದು ಬೇಡವಾಯಿತೆಂದು ನಾಲ್ಕು ವರ್ಷದ ಮಗುವಿನ ಮೇಲೆ ಮುನಿಸಾ ಮಾರಾಯ್ರೆ? ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬಾರದು. ಕಂಪನಿಗೆ ಹ್ಞೂಂ ಅನ್ನುವ ಮೊದಲು ಈ ಕಾಗದವನ್ನು ಪೂರ್ತಿ ಓದಿ.

ಹೊತ್ತಿಗೆ ಸರಿಯಾಗಿ ಉಣ್ಣಿ. ಡೆಕ್ಕಿನ ಮೇಲೆ ಜಾಗ್ರತೆ. ಕೊಲ್ಲೂರಿನ ತಾಯಿ ನಿಮ್ಮನ್ನು ಕಾಯಲಿ.

ನಿಮ್ಮ
ಅನಿಷಾ

ಇದನ್ನು ಹೇಳಲೆಂದೇ ಪೆನ್ನು ಹಿಡಿದದ್ದು: ನಿನ್ನೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅಪ್ಪಯ್ಯನ ಮೇಲೆ ಯಾಕೆ ಕೋಪ ಎಂದು ಕೇಳಿದೆ. ಹೊಸಿಲು ದಾಟುವಾಗ 'ಹೋತೆ' ಅನ್ನಬಾರದು, 'ಬತ್ತೆ' ಅನ್ನಬೇಕೆಂದು ಅತ್ತೆ ನಿಮಗೆ ಕಲಿಸಿದ್ದಾರಲ್ಲ? ಪೆಟ್ಟಿಗೆ ಹಿಡಿದು ಹೊರಡುವಾಗ 'ಬತ್ತೆ ಮಗಾ' ಎನ್ನುತ್ತೀರಿ. ಫೋನ್ ಇಡುವಾಗಲೂ 'ಬತ್ತೆ ಮಗಾ'. ಆಮೇಲೆ ನೀವು ಕಾಣಿಸುವುದಿಲ್ಲ. ಅವಳಿಗೆ ಗೊತ್ತಿರುವ 'ಬತ್ತೆ' ಅದೊಂದೇ. ಬಿಕ್ಕುತ್ತ ಹೇಳಿದಳು: "ಅಪ್ಪಯ್ಯ ಬಪ್ದ್ ಬ್ಯಾಡ ಅಮ್ಮಾ. ಇಲ್ಲೇ ಇರ್ಲಿ."

ನನ್ನ ಉತ್ತರವೂ ಅದೇ.